ಬೆಲ್ಜಿಯಮ್ಮನ ಹೆದರಿಕೆ

ನಾನು ಈ ಜನ್ಮದಲ್ಲಿ ಕಂಡ ಹೆದರುಪುಕ್ಕಲರಲ್ಲಿ ಮೊದಲ ಸ್ಥಾನ ಅವರಿಗೇ. ಆಳು ನೋಡಿದರೆ ಬಾಗಿಲಿಗೆ ತಲೆ ತಾಗುವಷ್ಟು ಎತ್ತರ, ಕೆಂಪು ಮುಖ, ಅಗಲವಾದ ಹೆಗಲು. ದಾರಿಯಲ್ಲಿ ನಡೆದು ಬಂದರೆ ಬೀದಿ ನಾಯಿಗಳೂ ಸರಿದು ನಿಲ್ಲುತ್ತಿದ್ದವು. ಆದರೆ ಕರೆಂಟು ಒಮ್ಮೆ ಹೋಗಿ ಬಂದರೆ ಸಾಕು, ಕಲಸಿದ ಅನ್ನವನ್ನು ಹಾಗೆಯೇ ಬಿಟ್ಟು ಎಂಜಲು ಕೈಯಲ್ಲೇ ಮೆಟ್ಟಿಲು ಹತ್ತಿ ಲ್ಯಾಬಿಗೆ ಓಡುತ್ತಿದ್ದರು. ಹೋದ ವಾರ ಅವರ ತಂಗಿಯ ಮಗನಿಂದ ನನ್ನ ಫೋನಿಗೆ ಸಂದೇಶ ಬಂತು. ರಾತ್ರಿ ಮಲಗಿದವರು ಬೆಳಿಗ್ಗೆ ಏಳಲಿಲ್ಲವಂತೆ. ಓದಿದ ಕೂಡಲೇ ನನ್ನ ಮನಸ್ಸಿಗೆ ಬಂದದ್ದು, ಸದ್ಯ, ಸಾಯುವಾಗಲಾದರೂ ಹೆದರಲು ಪುರುಸೊತ್ತು ಸಿಗಲಿಲ್ಲವಲ್ಲ ಎಂದು. ಅಳು ಬಂದದ್ದು ಆಮೇಲೆ.

ನಮ್ಮ ಆಸ್ಪತ್ರೆಗೆ ಬರುವ ಹೆಂಗಸರು ಅವರನ್ನು ಬೆಲ್ಜಿಯಮ್ಮ ಎನ್ನುತ್ತಿದ್ದರು. ಬೆಲ್ಜಿಯಂ ದೇಶದವರು, ವಯಸ್ಸಾದ ಹೆಂಗಸು, ಮತ್ತೆ ಬೇರೆ ಹೆಸರು ಯಾಕೆ? ನಿಜವಾದ ಹೆಸರು ನಮ್ಮ ನಾಲಿಗೆಗೆ ಕೊನೆಯವರೆಗೂ ಒಗ್ಗಲಿಲ್ಲ. ನಾವು ಲ್ಯಾಬಿನವರು ಮೇಡಂ ಎಂದೇ ಕರೆಯುತ್ತಿದ್ದೆವು. ಅವರು ಭ್ರೂಣತಜ್ಞೆ. ತಾವಾಗಿ ಮಕ್ಕಳಾಗದ ಗಂಡ ಹೆಂಡತಿಯ ಅಂಡವನ್ನೂ ವೀರ್ಯವನ್ನೂ ಗಾಜಿನ ತಟ್ಟೆಯಲ್ಲಿ ಸೇರಿಸಿ, ಮೂಡಿದ ಭ್ರೂಣವನ್ನು ಕೆಲವು ದಿನ ಬೆಚ್ಚಗೆ ಸಾಕಿ, ಡಾಕ್ಟರ ಕೈಗೆ ಕೊಡುವುದು ಅವರ ಕಸುಬು. ಡಾಕ್ಟರ ಹೆಸರು ಬೋರ್ಡಿನಲ್ಲಿ ಇರುತ್ತದೆ, ಫೋಟೋ ಪೇಪರಿನಲ್ಲಿ ಬರುತ್ತದೆ. ಭ್ರೂಣವನ್ನು ಸಾಕಿದವರ ಮುಖವನ್ನು ತಾಯಂದಿರೂ ನೋಡಿರುವುದಿಲ್ಲ.

ಅವರ ತಂದೆ ಬೆಲ್ಜಿಯಂನಲ್ಲಿ ದನ ಸಾಕುತ್ತಿದ್ದ ರೈತ. ಮಗಳು ಮೊದಲು ಕೆಲಸ ಕಲಿತದ್ದೂ ದನಗಳ ಭ್ರೂಣದ ಮೇಲೆಯೇ. ಮನುಷ್ಯರ ಭ್ರೂಣವನ್ನು ಹೀಗೆ ಸಾಕಬಹುದು ಎಂದು ಜಗತ್ತಿಗೆ ಗೊತ್ತಾದ ಹೊಸತರಲ್ಲಿ, ದನದ ಲ್ಯಾಬಿನಿಂದ ಮನುಷ್ಯರ ಲ್ಯಾಬಿಗೆ ಬಂದರು. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದರೆ, ಶನಿವಾರ ಭಾನುವಾರವೂ ಭ್ರೂಣಗಳನ್ನು ನೋಡಲು ಓಡುವವಳನ್ನು ಯಾರು ಕಟ್ಟಿಕೊಳ್ಳುತ್ತಾರೆ ಎನ್ನುತ್ತಿದ್ದರು. ಬಂಟ್ವಾಳ ಪೇಟೆಯ ಪಕ್ಕ, ನೇತ್ರಾವತಿ ನದಿಗೆ ಸ್ವಲ್ಪ ಹೆಚ್ಚೇ ಹತ್ತಿರದಲ್ಲಿ ಈ ಆಸ್ಪತ್ರೆ ತೆರೆದ ನಮ್ಮ ಡಾಕ್ಟರು ಹಿಂದೆ ಅವರ ಕೈಕೆಳಗೆ ಕಲಿತವರು. ನಿವೃತ್ತರಾದ ಗುರುವನ್ನು ಲ್ಯಾಬು ಕಟ್ಟಿಕೊಡಲು ಕೆಲವು ತಿಂಗಳ ಮಟ್ಟಿಗೆ ಕರೆಸಿದರು. ಅವರು ವರ್ಷಗಟ್ಟಲೆ ಉಳಿದರು.

ನಾನು ಶಶಿ, ಬೆಳ್ತಂಗಡಿ ಕಡೆಯವಳು. ಮೂಡುಬಿದಿರೆಯಲ್ಲಿ ಪ್ರಾಣಿಶಾಸ್ತ್ರ ಓದಿದೆ, ಮದುವೆಯಾಗಿ ಬಂಟ್ವಾಳಕ್ಕೆ ಬಂದೆ, ಕೆಲಸಕ್ಕೆ ಇಲ್ಲಿ ಅರ್ಜಿ ಹಾಕಿದೆ. ಸಂದರ್ಶನದಲ್ಲಿ ಮೇಡಂ ನನ್ನ ಅಂಕಗಳನ್ನು ನೋಡಲೇ ಇಲ್ಲ. ನಿನಗೆ ಯಾವುದಕ್ಕೆಲ್ಲ ಹೆದರಿಕೆ ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಾನು ಗತ್ತಿನಲ್ಲಿ, ಯಾವುದಕ್ಕೂ ಇಲ್ಲ ಎಂದೆ. ಅವರ ಮುಖ ಇಳಿದುಹೋಯಿತು. ಕೆಲಸ ಕೈತಪ್ಪುತ್ತದೆ ಎಂದು ಗೊತ್ತಾಗಿ ಕೂಡಲೇ ಸರಿಪಡಿಸಿಕೊಂಡೆ: ಹಾವು, ಸಿಡಿಲು, ಮತ್ತೆ ನನ್ನ ಅತ್ತೆ. ಅವರು ನಕ್ಕರು. ನಾಳೆಯಿಂದ ಬಾ ಎಂದರು. ಧೈರ್ಯವಂತರು ಈ ಕೋಣೆಯಲ್ಲಿ ಬಾಗಿಲು ಸರಿಯಾಗಿ ಹಾಕುವುದಿಲ್ಲ ಎಂಬುದು ಅವರ ಅನುಭವವಂತೆ.

ಲ್ಯಾಬಿನ ಬಾಗಿಲಲ್ಲಿ ನಿಂತು ಅವರು ನಮ್ಮನ್ನೆಲ್ಲ ಮೂಸುತ್ತಿದ್ದರು. ನಿಜವಾಗಿಯೂ, ಕರು ಮೂಸಿದ ಹಾಗೆ, ಕುತ್ತಿಗೆಯ ಹತ್ತಿರ ಮೂಗು ತಂದು. ಸುಗಂಧ ಯಾವುದಾದರೂ ಗಾಳಿಯಲ್ಲಿ ಸೇರಿ ಭ್ರೂಣಕ್ಕೆ ತಾಗಿದರೆ ಅದು ಬೆಳೆಯುವುದಿಲ್ಲ. ಪೌಡರು, ತಲೆಗೆಣ್ಣೆ, ಫಿನಾಯಿಲು ಎಲ್ಲವೂ ಅವರ ಶತ್ರು. ನಮ್ಮ ಊರಲ್ಲಿ ಇದು ಸುಲಭವಾ? ಮಗುವಿನ ಆಸೆಯಿಂದ ಬರುವ ಹೆಂಗಸು ಒಂದು ಅಟ್ಟೆ ಮಲ್ಲಿಗೆಯ ಮಾಲೆ ಮುಡಿಯದೆ ಮನೆಯಿಂದ ಹೊರಡುತ್ತಾಳಾ? ಜತೆಗೆ ಬರುವ ಗಂಡ ದುಬೈಯಿಂದ ಮೊನ್ನೆ ತಾನೇ ಇಳಿದವನು, ಅತ್ತರಿನ ಬಾಟಲಿಯಲ್ಲೇ ಮುಳುಗಿ ಎದ್ದಿರುತ್ತಾನೆ. ಮೇಡಂ ಅಂಥ ಗಂಡಸರನ್ನು ಅಂಗಳದಲ್ಲೇ ನಿಲ್ಲಿಸುತ್ತಿದ್ದರು. ಮಲ್ಲಿಗೆಯನ್ನು ಮಾತ್ರ ಎಸೆಯಲು ಬಿಡಲಿಲ್ಲ. ಮೆಟ್ಟಿಲ ಕೆಳಗೆ ಒದ್ದೆ ಬಾಳೆಲೆ ಇಡಿಸಿದರು. ಹೆಂಗಸರು ಹೂವು ತೆಗೆದು ಅದರ ಮೇಲಿಟ್ಟು ಹತ್ತಬೇಕು, ಇಳಿದು ಬಂದು ಮತ್ತೆ ಮುಡಿಯಬೇಕು. ಹೂವು ಅದಲುಬದಲಾಗಿ ಜಗಳವಾದದ್ದೂ ಉಂಟು.

ಒಂದು ಆಯುಧಪೂಜೆಯ ದಿನ ಅವರು ಬರುವುದು ಸ್ವಲ್ಪ ತಡವಾಯಿತು. ಅಷ್ಟರಲ್ಲಿ ನಮ್ಮ ವಾಚ್‌ಮನ್ ಮತ್ತು ಡ್ರೈವರ್ ಸೇರಿ ಆಸ್ಪತ್ರೆಯ ಸಕಲ ಯಂತ್ರಗಳಿಗೂ ಗಂಧ ಕುಂಕುಮ ಹಚ್ಚಿ, ಎಲ್ಲದಕ್ಕಿಂತ ದೊಡ್ಡ ಯಂತ್ರಕ್ಕೆ ಗೌರವ ಕೊಡಬೇಕೆಂದು ಲ್ಯಾಬಿನ ಬಾಗಿಲ ಮುಂದೆ ಕೆಂಡದ ಮೇಲೆ ಸಾಂಬ್ರಾಣಿ ಹಾಕಿದ್ದರು. ಒಳಗೆ ಭ್ರೂಣಗಳಿದ್ದವು. ಮೇಡಂ ಮೆಟ್ಟಿಲಿನ ತುದಿಯಲ್ಲಿ ಹೊಗೆ ಕಂಡರು. ಅವರ ಗಂಟಲಿನಿಂದ ಹೊರಟ ಸ್ವರವನ್ನು ನಾನು ಮನುಷ್ಯರಲ್ಲಿ ಕೇಳಿರಲಿಲ್ಲ. ಧೂಪದ ಪಾತ್ರೆಯನ್ನು ಬರಿಗೈಯಲ್ಲಿ ಎತ್ತಿಕೊಂಡು ಅಂಗಳಕ್ಕೆ ಓಡಿದರು. ಅಂಗೈ ಸುಟ್ಟು ಬೊಬ್ಬೆ ಎದ್ದಿತು. ಔಷಧಿ ಹಚ್ಚುವಾಗ ವಾಚ್‌ಮನ್ ಅಳುತ್ತಾ ನಿಂತಿದ್ದ. ಇದು ಯಾಕೆ ಮಾಡುವುದೆಂದು ಅವರು ನನ್ನನ್ನು ಕೇಳಿದರು. ಅನ್ನ ಕೊಡುವ ಯಂತ್ರ ಕೈಕೊಡಬಾರದೆಂದು ಎಂದೆ. ಮಷಿನಿಗೆ ಹೆದರಿ ಕೈಮುಗಿಯುವುದು ಒಳ್ಳೆಯ ಪದ್ಧತಿಯೇ, ಆದರೆ ಅಂಗಳದಲ್ಲಿ ಮಾಡುವ ಎಂದರು. ಮರುವರ್ಷದಿಂದ ಪೂಜೆ ಅಂಗಳದಲ್ಲಿ ನಡೆಯಿತು. ಅವರು ಮೇಲಿನ ಕಿಟಕಿಯ ಗಾಜಿನ ಹಿಂದೆ ಕೈಮುಗಿದು ನಿಲ್ಲುತ್ತಿದ್ದರು.

ಅವರು ಬಾಡಿಗೆಗಿದ್ದದ್ದು ಮೂಡುಬಿದಿರೆಯಲ್ಲಿ, ಬಸದಿಯ ಬೀದಿಯ ಹಿಂದಿನ ಒಂದು ಜೈನರ ಮನೆಯಲ್ಲಿ. ಮನೆಯೊಡತಿ ವಯಸ್ಸಾದವರು, ಸೂರ್ಯ ಮುಳುಗುವ ಮೊದಲೇ ಊಟ, ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದ ಕಾಣದ ಜೀವಗಳು ಸಾಯಬಾರದೆಂದು ಅದನ್ನು ಮತ್ತೆ ಬಾವಿಗೇ ಜಾಲಾಡುವವರು. ಇವರಿಬ್ಬರಿಗೆ ಆದ ಸ್ನೇಹ ನೋಡಿ ಊರೇ ಬೆರಗಾಯಿತು. ನನಗೇನೂ ಆಶ್ಚರ್ಯವಾಗಲಿಲ್ಲ. ಕಣ್ಣಿಗೆ ಕಾಣದ್ದು ತನ್ನ ಕೈಯಲ್ಲಿ ಸತ್ತುಹೋದೀತು ಎಂದು ದಿನವಿಡೀ ನಡುಗುವ ಇಬ್ಬರು ಒಂದೇ ಜಗಲಿಯಲ್ಲಿ ಸಿಕ್ಕಿದರೆ ಇನ್ನೇನಾಗುತ್ತದೆ? ಮೇಡಂಗೆ ಕನ್ನಡ ಕಲಿಸಿದ್ದೂ ಆ ಅಮ್ಮನೇ. ಒಂದು ಸಲ ಅಮ್ಮ ನೇರವಾಗಿ ಕೇಳಿದರಂತೆ, ನೀವು ಡಬ್ಬಿಯಲ್ಲಿ ಇಡುವುದಕ್ಕೆ ಜೀವ ಉಂಟಾ ಎಂದು. ಮೇಡಂ, ಗೊತ್ತಿಲ್ಲ, ಅದಕ್ಕೇ ಹೆದರಿಕೆ ಎಂದರಂತೆ. ಅಮ್ಮ ನನಗೆ ಇದನ್ನು ಹೇಳುವಾಗ, ಎಷ್ಟು ಓದಿದರೂ ಸುಳ್ಳು ಹೇಳುವುದಿಲ್ಲ ನೋಡು ಎಂದು ಮೆಚ್ಚಿಕೊಂಡರು.

ಆ ಮನೆಯಲ್ಲಿ ಒಂದು ದನ ಇತ್ತು. ಅದಕ್ಕೆ ಬೆದೆ ಬಂದಾಗ ಹೋರಿಯ ವೀರ್ಯದ ಇಂಜೆಕ್ಷನ್ ಕೊಡುವವರು ಬೈಕಿನಲ್ಲಿ ಚಿಕ್ಕ ಕ್ಯಾನು ಕಟ್ಟಿಕೊಂಡು ಬರುತ್ತಿದ್ದರು. ಮೇಡಂ ರಜೆ ಹಾಕಿ ನೋಡುತ್ತಿದ್ದ ಏಕೈಕ ಕಾರ್ಯಕ್ರಮ ಅದು. ಕ್ಯಾನಿನೊಳಗೆ ಇದ್ದದ್ದು ನಮ್ಮ ಲ್ಯಾಬಿನಲ್ಲಿ ಇರುವಂಥದ್ದೇ ನೈಟ್ರೋಜನ್, ನೋಡಲು ನೀರಿನ ಹಾಗೆ, ಬೆಂಕಿಗಿಂತ ಕೆಟ್ಟದಾಗಿ ಸುಡುವಷ್ಟು ತಣ್ಣಗೆ. ಭ್ರೂಣಗಳನ್ನು ತೆಳ್ಳಗಿನ ಕಡ್ಡಿಗಳಲ್ಲಿ ಹಾಕಿ ಅದರಲ್ಲಿ ಮುಳುಗಿಸಿಟ್ಟರೆ ವರ್ಷಗಟ್ಟಲೆ ಹಾಗೆಯೇ ಇರುತ್ತವೆ. ಅದರ ಮಟ್ಟ ಇಳಿದು ಕಡ್ಡಿ ಹೊರಗೆ ಬಂದರೆ, ಮುಗಿಯಿತು.

ಇನ್ನು ಆಟಿಯ ವಿಷಯ ಹೇಳಬೇಕು. ತುಳುನಾಡಿನಲ್ಲಿ ಆಟಿ ತಿಂಗಳು ಎಂದರೆ ಜಡಿಮಳೆ, ಖಾಲಿ ಕಣಜ, ಶುಭಕಾರ್ಯಕ್ಕೆ ಬಾಗಿಲು ಬಂದ್. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಹಾಗಿರುವಾಗ ಗರ್ಭಕ್ಕೆ ಭ್ರೂಣ ಸೇರಿಸುವುದುಂಟಾ? ಆಟಿ ಹತ್ತಿರ ಬಂತೆಂದರೆ ಒಬ್ಬೊಬ್ಬರಾಗಿ ಹೇಳಿಕಳುಹಿಸುತ್ತಿದ್ದರು, ಆಟಿ ಕಳೆದು ಸೋಣ ತಿಂಗಳಿಗೆ ಇಡಿ, ಈಗ ಬೇಡ. ಮೊದಲ ವರ್ಷ ಮೇಡಂ ಕೆಂಡಾಮಂಡಲ. ಭ್ರೂಣಕ್ಕೆ ಪಂಚಾಂಗ ಗೊತ್ತುಂಟಾ ಎಂದು ನನ್ನ ಮೇಲೆ ಹಾರಾಡಿದರು, ಪಂಚಾಂಗ ನಾನೇ ಬರೆದ ಹಾಗೆ. ಆಮೇಲೆ ಸೋತರು. ಮುಂದೂಡಿದವರ ಭ್ರೂಣಗಳನ್ನೆಲ್ಲ ಒಂದೇ ದೊಡ್ಡ ಕ್ಯಾನಿಗೆ ಹಾಕಿಡುವ ಕ್ರಮ ಮಾಡಿದರು. ನಾವು ಅದಕ್ಕೆ ಆಟಿ ಕ್ಯಾನು ಎಂದು ಹೆಸರಿಟ್ಟೆವು. ನದಿ ಉಕ್ಕುವ ತಿಂಗಳೂ, ಆ ಕ್ಯಾನು ತುಂಬಿರುವ ತಿಂಗಳೂ ಒಂದೇ ಎಂಬುದು ಅವರ ನಿದ್ದೆ ಕೆಡಿಸುತ್ತಿತ್ತು. ನಮಗೆ ಅದು ಹೊಳೆದಿರಲೂ ಇಲ್ಲ.

ಒಂದು ವರ್ಷ ಆಟಿ ಕ್ಯಾನಿನಲ್ಲಿ ನನ್ನ ಭ್ರೂಣವೂ ಇತ್ತು. ಮದುವೆಯಾಗಿ ವರ್ಷಗಳು ಕಳೆದು, ನಾನು ನನ್ನದೇ ಲ್ಯಾಬಿನ ರೋಗಿಯಾಗಿದ್ದೆ. ಸ್ವಂತದ್ದನ್ನು ಮುಟ್ಟಬಾರದೆಂಬ ನಿಯಮ, ಆದ್ದರಿಂದ ಎಲ್ಲವನ್ನೂ ಮೇಡಂ ಮಾಡಿದರು. ಮೊದಲು ಇಟ್ಟವು ನಿಲ್ಲಲಿಲ್ಲ. ಉಳಿದದ್ದು ಒಂದು. ನನ್ನ ವಯಸ್ಸು, ನನ್ನ ಶರೀರದ ಸ್ಥಿತಿ ನೋಡಿ ಇನ್ನು ಅಂಡ ಸಿಗುವುದು ಕಷ್ಟವೆಂದು ಡಾಕ್ಟರು ಹೇಳಿಯಾಗಿತ್ತು. ಆಟಿಗೆ ಮೊದಲೇ ಇಡುವ ಯೋಚನೆಯಿತ್ತು, ಆದರೆ ನನಗೆ ಜ್ವರ ಬಂದು ತಪ್ಪಿತು. ಆಟಿಯಲ್ಲಿ ಇಡುವ ಎಂದು ಮೇಡಂ ಹೇಳಿದಾಗ ಅತ್ತೆ ಒಪ್ಪಲಿಲ್ಲ. ಇಷ್ಟು ಕಾದಿದ್ದೀರಿ, ಕೊನೆಯದ್ದನ್ನು ಆಟಿಯಲ್ಲಿ ಹಾಕಿ ಕಳಕೊಳ್ಳುವುದು ಬೇಡ ಎಂದರು. ವಿಜ್ಞಾನ ಓದಿದ ನಾನೂ ಆಯಿತು ಎಂದೆ. ನಿಜ ಹೇಳಬೇಕೆಂದರೆ ನನಗೂ ಒಳಗೊಳಗೆ ಹಾಗೆಯೇ ಅನಿಸಿತ್ತು. ಕೊನೆಯಲ್ಲಿ ಸೇರಿದ್ದರಿಂದ ನನ್ನ ಕಡ್ಡಿ ಕ್ಯಾನಿನ ಮೇಲಿನ ಸಾಲಿನಲ್ಲಿ ಕುಳಿತಿತು.

ಘಟ್ಟದ ಮೇಲೆ ಎಡೆಬಿಡದೆ ಸುರಿದ ಮಳೆಗೆ ಒಂದು ಬೆಳಿಗ್ಗೆ ನೇತ್ರಾವತಿ ಪೇಟೆಗೆ ಬಂದಳು. ನಾನು ತಲುಪುವಾಗ ಆಸ್ಪತ್ರೆಯ ಗೇಟಿನಲ್ಲಿ ಮೊಣಕಾಲಿನವರೆಗೆ ಕೆಂಪು ನೀರು. ಕ್ಯಾನುಗಳು ಭಾರವೆಂದು ಕೆಳಗಿನ ಕೋಣೆಯಲ್ಲಿದ್ದವು. ಡಾಕ್ಟರು ಮಂಗಳೂರಿನಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಮೇಡಂ ಆಗಲೇ ಬಂದು, ಪ್ಯಾಂಟು ಮಡಚಿ, ವಾಚ್‌ಮನ್ ಮತ್ತು ಡ್ರೈವರನನ್ನು ಸೇರಿಸಿ ಕ್ಯಾನುಗಳನ್ನು ಮೇಲೆ ಸಾಗಿಸುತ್ತಿದ್ದರು. ಆಟಿ ಕ್ಯಾನು ಎಲ್ಲದಕ್ಕಿಂತ ದೊಡ್ಡದು, ಕೊನೆಗೆ ಹೊರಟಿತು. ಮೆಟ್ಟಿಲು ತಿರುಗುವಲ್ಲಿ ಹಿಡಿದವರ ಕಾಲು ಕೆಸರಿಗೆ ಜಾರಿತು. ಕ್ಯಾನು ಗೋಡೆಗೆ ಒರಗಿತು, ಮುಚ್ಚಳ ಹಾರಿತು, ನೈಟ್ರೋಜನ್ ಬಿಳಿ ಹೊಗೆಯಾಗಿ ಮೆಟ್ಟಿಲಿನಿಂದ ಮೆಟ್ಟಿಲಿಗೆ ಇಳಿಯಿತು. ಹೆದರಿದ ಗಂಡಸರು ಹಿಂದೆ ಹಾರಿದರು. ಮೇಡಂ ಮಾತ್ರ ಹೊಗೆಯೊಳಗೆ ನುಗ್ಗಿ ಕ್ಯಾನನ್ನು ತಬ್ಬಿ ನೇರ ನಿಲ್ಲಿಸಿದರು.

ಮರದ ಪಟ್ಟಿಯನ್ನು ಒಳಗೆ ಇಳಿಸಿ ತೆಗೆದರೆ, ನೈಟ್ರೋಜನ್ ಇದ್ದಷ್ಟು ಭಾಗಕ್ಕೆ ಹಿಮ ಕೂರುತ್ತದೆ. ಅವರು ಪಟ್ಟಿಯನ್ನು ಎತ್ತಿದರು. ಹಿಮ ಇರಬೇಕಾದ ಕಡೆ ಒಣ ಮರ ಕಂಡಿತು. ಅಂದರೆ ಮೇಲಿನ ಸಾಲು, ನನ್ನ ಕಡ್ಡಿ ಇದ್ದ ಸಾಲು, ಹೊರಗಿತ್ತು. ಅಂಥ ಹೆದರಿಕೆಯನ್ನು ನಾನು ಅದಕ್ಕಿಂತ ಮೊದಲು ಕಂಡಿರಲಿಲ್ಲ. ಬೇರೆ ಕ್ಯಾನುಗಳಿಂದ ಸ್ವಲ್ಪ ಸ್ವಲ್ಪ ಸುರಿದೆವು, ಹೆಚ್ಚು ತೆಗೆದರೆ ಅವುಗಳಿಗೂ ಅಪಾಯ. ಮಂಗಳೂರು ರಸ್ತೆಯಲ್ಲಿ ನೀರು ನಿಂತಿದೆ, ನೈಟ್ರೋಜನ್ ಗಾಡಿ ಇವತ್ತು ಬರುವುದಿಲ್ಲ, ನಾಳೆಯೂ ಹೇಳಲಿಕ್ಕಾಗದು ಎಂದು ಫೋನು ಬಂತು. ಮೇಡಂ ಪಟ್ಟಿಯನ್ನು ಮತ್ತೊಮ್ಮೆ ಇಳಿಸಿ ನೋಡಿದರು. ಆಮೇಲೆ ಇದ್ದಕ್ಕಿದ್ದ ಹಾಗೆ, "ದನ," ಎಂದರು. ಈ ಹೆಂಗಸಿಗೆ ತಲೆ ಕೆಟ್ಟಿತು ಎಂದುಕೊಂಡೆ.

ಜೀಪಿನಲ್ಲಿ ಸಿದ್ದಕಟ್ಟೆಯ ದಾರಿಯಾಗಿ ಮೂಡುಬಿದಿರೆಗೆ ಹೋದೆವು. ದಾರಿಯುದ್ದಕ್ಕೂ ಮರ ಬಿದ್ದಿತ್ತು, ತೋಡುಗಳ ನೀರು ಉಕ್ಕಿ ರಸ್ತೆ ದಾಟುತ್ತಿತ್ತು. ದನಗಳಿಗೆ ಇಂಜೆಕ್ಷನ್ ಕೊಡುವವರ ಹತ್ತಿರ ಮನೆಯಲ್ಲಿ ಒಂದು ದೊಡ್ಡ ಕ್ಯಾನು ನೈಟ್ರೋಜನ್ ಇತ್ತು. ಅವರು ಮೊದಲು ಒಪ್ಪಲಿಲ್ಲ. ಕೊಟ್ಟರೆ ತಮ್ಮ ಹೋರಿಗಳ ಕಡ್ಡಿ ಹಾಳಾಗುತ್ತದೆ, ಊರಿನವರಿಗೆ ಯಾರು ಉತ್ತರ ಹೇಳುವುದು? ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಮೇಡಂ ವಾದ ಮಾಡಲಿಲ್ಲ, ಮನೆಯೊಡತಿ ಅಮ್ಮನಿಗೆ ಫೋನು ಹಚ್ಚಿ ಅವರ ಕೈಗೆ ಕೊಟ್ಟರು. ಅಮ್ಮ ಆಚೆಯಿಂದ ಏನು ಹೇಳಿದರೋ ಗೊತ್ತಿಲ್ಲ. ಇವರು ಹೂಂ, ಹೂಂ ಎಂದು ಕೇಳಿ, ಫೋನು ಹಿಂದೆ ಕೊಟ್ಟು, "ಅರ್ಧಕ್ಕಿಂತ ಜಾಸ್ತಿ ಕೊಡ್ಲಿಕ್ಕೆ ಆಗುದಿಲ್ಲ ಮೇಡಂ, ಬೇಜಾರು ಮಾಡ್ಬೇಡಿ," ಎಂದು ತಾವೇ ಎತ್ತಿ ಸುರಿದುಕೊಟ್ಟರು.

ಹಿಂದೆ ಬರುವಾಗ ಕ್ಯಾನನ್ನು ಇಬ್ಬರ ಮಧ್ಯೆ ನಿಲ್ಲಿಸಿ ಹಿಡಿದುಕೊಂಡಿದ್ದೆವು. ಜೀಪು ಹೊಂಡಕ್ಕೆ ಇಳಿದಾಗಲೆಲ್ಲ ಇಬ್ಬರ ಜೀವವೂ ಬಾಯಿಗೆ ಬರುತ್ತಿತ್ತು. ಆಗ ಅವರು, ನಾನು ಕೇಳದೆಯೇ, ತಮ್ಮ ಊರಿನ ಒಂದು ವಿಷಯ ಹೇಳಿದರು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವರ ಲ್ಯಾಬಿನಲ್ಲಿ ರಜಾ ದಿನ ಭ್ರೂಣಗಳ ಡಬ್ಬಿಗೆ ಹೋಗುವ ಗ್ಯಾಸು ಮುಗಿದು ಎಲ್ಲ ಭ್ರೂಣಗಳೂ ಸತ್ತವಂತೆ. ಹಿರಿಯ ತಜ್ಞ ಯಾರಿಗೂ ನಿಜ ಹೇಳಲಿಲ್ಲ. ಈ ಸಲ ನಿಮ್ಮದು ಬೆಳೆಯಲಿಲ್ಲ, ನಿಮ್ಮ ಅದೃಷ್ಟ ಎಂದುಬಿಟ್ಟ. ಒಬ್ಬ ಹೆಂಗಸು ಅತ್ತು, ಕಣ್ಣೊರೆಸಿಕೊಂಡು, ಇಷ್ಟು ಕಷ್ಟಪಟ್ಟಿರಲ್ಲ ಎಂದು ಆತನಿಗೂ ಇವರಿಗೂ ಚಾಕಲೇಟಿನ ಪೆಟ್ಟಿಗೆ ಕೊಟ್ಟು ಹೋದಳು. "ಭ್ರೂಣ ಸಾಯುವುದು ಹೆದರಿಕೆ, ಶಶಿ," ಎಂದರು. "ಆದರೆ ಆ ಹೆಂಗಸು ಥ್ಯಾಂಕ್ಸ್ ಹೇಳಿದ್ದು ಉಂಟಲ್ಲ, ಅದು ದೊಡ್ಡ ಹೆದರಿಕೆ."

ಕ್ಯಾನು ತುಂಬಿಸಿದೆವು. ಕೆಳಗಿನ ಸಾಲು ಮುಳುಗಿಯೇ ಇತ್ತು, ಮೇಲಿನ ಸಾಲು ಎಷ್ಟು ಹೊತ್ತು ಹೊರಗಿತ್ತೋ ದೇವರಿಗೇ ಗೊತ್ತು. ಹೊರಗಿನಿಂದ ನೋಡಿ ಹೇಳುವ ಉಪಾಯವಿಲ್ಲ, ಕರಗಿಸಿಯೇ ನೋಡಬೇಕು. ನೀರು ಇಳಿದ ಮೇಲೆ ಡಾಕ್ಟರು ಬಂದರು. ಒಳ್ಳೆಯ ಮನುಷ್ಯರೇ, ಆದರೆ ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂಬವರು. ಸೋಣದಲ್ಲಿ ಒಂದೊಂದೇ ಕರಗಿಸಿ ನೋಡುವ, ಸರಿಯಿದ್ದವರಿಗೆ ಹೇಳುವುದೇ ಬೇಡ, ಸುಮ್ಮನೆ ಎಲ್ಲರನ್ನೂ ಹೆದರಿಸುವುದು ಯಾಕೆ ಎಂದು ಅವರ ವಾದ. ಮೇಡಂ ಇಂಗ್ಲಿಷು ಬಿಟ್ಟು ಅಲ್ಲಿದ್ದ ಎಲ್ಲರಿಗೂ ತಿಳಿಯುವ ಹಾಗೆ ಕನ್ನಡದಲ್ಲಿ ಹೇಳಿದರು: "ಹೆದರಲಿ. ಅದು ಅವರ ಹೆದರಿಕೆ. ನಾವು ಇಟ್ಟುಕೊಳ್ಳಬಾರದು." ಡಾಕ್ಟರು ಗುರುವಿನ ಮುಖ ನೋಡಿ, ದಂಪತಿಗಳ ಪಟ್ಟಿ ತರಿಸಿದರು.

ಮೊದಲು ಕರೆದದ್ದು ನನ್ನನ್ನೇ. ಇವತ್ತು ಕೋಟು ಹಾಕಬೇಡ, ಗಂಡನ ಜತೆ ಬಾ ಎಂದರು. ನೆರೆಯ ದಿನ ಮೆಟ್ಟಿಲ ಮೇಲೆ ಅವರ ಪಕ್ಕದಲ್ಲೇ ನಿಂತಿದ್ದವಳಿಗೆ, ಏನೂ ಗೊತ್ತಿಲ್ಲದವಳಿಗೆ ಹೇಳುವ ಹಾಗೆ, ಮೊದಲಿನಿಂದ ಕೊನೆಯವರೆಗೆ ಹೇಳಿದರು. ನನಗೆ ಸಿಟ್ಟು ಬಂತು, ಗೊತ್ತಿದ್ದದ್ದನ್ನೇ ಯಾಕೆ ಹೇಳುತ್ತೀರಿ ಎಂದು. ಆದರೆ ಕೇಳುತ್ತಾ ಕೇಳುತ್ತಾ ನಾನು ಕೆಲಸದವಳಾಗಿ ಗಟ್ಟಿ ನಿಂತದ್ದು ಕುಸಿದು, ಗಂಡನ ಭುಜಕ್ಕೆ ಒರಗಿ ಅತ್ತೆ. ಮನೆಯಲ್ಲಿ ಅತ್ತೆ, "ಆಟಿ ಬೇಡ ಅಂದದ್ದು ನಾನಲ್ವಾ," ಎಂದು ಒಂದೇ ಮಾತು ಹೇಳಿ ಅಡುಗೆಮನೆಗೆ ಹೋದರು. ನಾನೂ ಆಯಿತು ಎಂದವಳೇ, ಅವರನ್ನು ಬೈಯುವುದು ಹೇಗೆ?

ಮೇಡಂ ಹೀಗೆ ಎಲ್ಲ ದಂಪತಿಗಳನ್ನೂ ಕೂರಿಸಿ ಹೇಳಿದರು. ಬೈದವರಿದ್ದರು, ಮೇಜು ಗುದ್ದಿದವರಿದ್ದರು. ಅವರು ಎದ್ದು ಹೋಗದೆ ಕೇಳಿಸಿಕೊಂಡರು. ವಿಟ್ಲದ ಕಡೆಯ ಒಬ್ಬ ಹೆಂಗಸು ಮಾತ್ರ ಒಬ್ಬಳೇ ಬಂದಿದ್ದಳು, ಗಂಡ ಕುವೈತಿನಲ್ಲಿ. ಅವಳದ್ದೂ ಉಳಿದದ್ದು ಒಂದೇ, ಕೆಳಗಿನ ಸಾಲಿನಲ್ಲಿ. ಎಲ್ಲ ಕೇಳಿ ಅವಳು ಕೇಳಿದ್ದು ಒಂದೇ ಪ್ರಶ್ನೆ: "ನಿಮಗೆ ಹೆದರಿಕೆ ಆಗ್ತದಾ ಅಮ್ಮ?" ಆಗ್ತದೆ ಎಂದರು ಮೇಡಂ. "ಹಾಗಾದ್ರೆ ನೀವೇ ಮಾಡಿ," ಎಂದು ಅವಳು ಎದ್ದು ಹೋದಳು.

ಸೋಣ ಬಂತು. ಮೊದಲು ಕರಗಿಸಲು ಯಾರೂ ಮುಂದೆ ಬರಲಿಲ್ಲ. ಬೇರೆಯವರದ್ದು ನೋಡಿ ಹೇಳುತ್ತೇವೆ ಎಂದರು. ಕಾಯುವ ಶಕ್ತಿ ನನ್ನಲ್ಲಿ ಇರಲಿಲ್ಲ, ನನ್ನದೇ ತೆಗೆಯಿರಿ ಎಂದೆ. ಆ ದಿನ ನಾನು ಹೊರಗಿನ ಕುರ್ಚಿಯಲ್ಲಿ, ರೋಗಿಗಳ ಕುರ್ಚಿಯಲ್ಲಿ ಕುಳಿತೆ. ಒಂದರ ಬದಲು ಇನ್ನೊಂದು ಆಗಬಾರದೆಂದು ಒಳಗೆ ಮೇಡಂ ನನ್ನ ಹೆಸರನ್ನೂ ಗಂಡನ ಹೆಸರನ್ನೂ ಗಟ್ಟಿಯಾಗಿ ಓದಿದ್ದು ಬಾಗಿಲಾಚೆ ಕೇಳಿಸಿತು. ಕರಗಿಸಿದ ಕೂಡಲೇ ಭ್ರೂಣ ಮುದುಡಿ ಕಪ್ಪಗೆ ಕಾಣುತ್ತದೆ. ಜೀವ ಇದ್ದರೆ ಸ್ವಲ್ಪ ಹೊತ್ತಿನಲ್ಲಿ ನಿಧಾನಕ್ಕೆ ಉಬ್ಬುತ್ತದೆ. ಇದು ಗೊತ್ತಿದ್ದವಳಿಗೆ 'ಸ್ವಲ್ಪ ಹೊತ್ತು' ಎಂದರೆ ಏನೆಂದು ಬರೆದು ತಿಳಿಸಲು ನನಗೆ ಬರುವುದಿಲ್ಲ. ಊರಿನ ದೈವಗಳಿಗೆಲ್ಲ ಹರಕೆ ಹೇಳಿದೆ. ಅತ್ತೆ ನನ್ನ ಪಕ್ಕ ಕುಳಿತು ನನ್ನ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದರು.

ಬಾಗಿಲು ತೆರೆದು ಮೇಡಂ ಬಂದರು. ನನ್ನ ಮುಂದೆ ನೆಲದ ಮೇಲೆ ಕುಳಿತರು, ಅಷ್ಟು ಎತ್ತರದ ಹೆಂಗಸು. "ಇಲ್ಲ, ಶಶಿ," ಎಂದರು. ನೋಡಬೇಕು ಎಂದೆ. ಒಳಗೆ ಕರೆದುಕೊಂಡು ಹೋದರು. ಒಗ್ಗರಣೆಯಲ್ಲಿ ಸೀದುಹೋದ ಸಾಸಿವೆಯ ಹಾಗೆ ಮೈಕ್ರೋಸ್ಕೋಪಿನಲ್ಲಿ ಕಂಡಿತು. ನಾನು ತುಂಬ ಹೊತ್ತು ನೋಡಿದೆ. ಅವರು ಅದೃಷ್ಟ ಎನ್ನಲಿಲ್ಲ, ದೇವರ ಇಚ್ಛೆ ಎನ್ನಲಿಲ್ಲ. ಮೆಟ್ಟಿಲಿನಲ್ಲಿ ಒಣಗಿ ಸತ್ತಿತು, ನಮ್ಮ ಕೈಯಲ್ಲಿ ಸತ್ತಿತು ಎಂದರು.

ಕೆಲವು ದಿನ ಮನೆಯಲ್ಲಿದ್ದೆ. ವಿಚಿತ್ರವೆಂದರೆ ನನಗೆ ಯಾವ ಹೆದರಿಕೆಯೂ ಇರಲಿಲ್ಲ. ಗುಡುಗಿದರೆ ಹೆದರಲಿಲ್ಲ, ಬಚ್ಚಲಿಗೆ ಹಾವು ಬಂದಾಗ ಸುಮ್ಮನೆ ನಿಂತು ನೋಡಿದೆ. ಹೆದರಿಕೆ ಹೋದ ಮೇಲೆಯೇ ಗೊತ್ತಾದದ್ದು, ಇಷ್ಟು ದಿನ ಅದಾದರೂ ಒಳಗೆ ಇತ್ತು ಎಂದು. ಈಗ ಮನೆಯ ಎಲ್ಲ ಬಾಗಿಲು ತೆರೆದಿಟ್ಟು ಎಲ್ಲರೂ ಎದ್ದು ಹೋದ ಹಾಗಿತ್ತು. ನಾನು ಅಲ್ಲಿಯವರೆಗೆ ಕಂಡ ಎಲ್ಲ ಹೆದರಿಕೆಗಿಂತ ಭಯಂಕರವಾದದ್ದು ಅದೇ.

ಕೊನೆಗೆ ಗಂಡನೇ ಸ್ಕೂಟರಿನಲ್ಲಿ ಆಸ್ಪತ್ರೆಯ ಗೇಟಿನವರೆಗೆ ಬಿಟ್ಟು ಹೋದರು. ಮೇಡಂ ಸಮಾಧಾನದ ಮಾತು ಆಡಲಿಲ್ಲ. ಯಾವತ್ತಿನ ಹಾಗೆ ಮೂಸಿದರು, ಕ್ಯಾಪು ಮಾಸ್ಕು ಕೈಗೆ ಕೊಟ್ಟರು. ಇವತ್ತು ವಿಟ್ಲದ ಹೆಂಗಸಿನದ್ದು, ಹೆಸರು ಓದಲು ನೀನು ನಿಲ್ಲು ಎಂದರು. ಕಡ್ಡಿ ಎತ್ತಿದರು, ನಾನು ಗಂಡ ಹೆಂಡತಿಯ ಹೆಸರನ್ನು ಗಟ್ಟಿಯಾಗಿ ಓದಿದೆ. ಅವರು ಕರಗಿಸಿದರು. ಮುದುಡಿದ್ದು, ಕಪ್ಪಗೆ, ನನ್ನದರ ಹಾಗೆಯೇ ಕಂಡಿತು. ಇಬ್ಬರೂ ಕಾಯುತ್ತಾ ಕುಳಿತೆವು. ಆಗಾಗ ಅವರು ಮೈಕ್ರೋಸ್ಕೋಪಿನಲ್ಲಿ ನೋಡುತ್ತಿದ್ದರು. ಒಂದು ಸಲ ನೋಡಿದವರು ಸ್ಟೂಲು ಬಿಟ್ಟು ಸರಿದರು. ನಾನು ಕಣ್ಣಿಟ್ಟೆ. ಒಂದು ಬದಿಯಿಂದ ಅಂಚು ಸಡಿಲವಾಗಿ, ಒಳಗೆ ಬೆಳಕು ತುಂಬಿಕೊಳ್ಳುತ್ತಾ, ಅದು ಉಬ್ಬುತ್ತಿತ್ತು.

ನನಗೆ ಮತ್ತೆ ಹೆದರಿಕೆ ಶುರುವಾಯಿತು. ತಟ್ಟೆ ಅಲುಗಿದರೆ? ಕರೆಂಟು ಹೋದರೆ? ನಾನು ಇಷ್ಟು ಹತ್ತಿರ ಉಸಿರಾಡಬಾರದಲ್ಲವಾ? ಮೈಕ್ರೋಸ್ಕೋಪಿಗೆ ತಾಗಬಾರದೆಂದು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. ಮೇಡಂ ಅದನ್ನು ನೋಡಿದರು. "ನೀನೇ ಹೋಗಿ ಹೇಳು," ಎಂದರು.

ಅವಳು ಅದೇ ಕುರ್ಚಿಯಲ್ಲಿ ಕುಳಿತಿದ್ದಳು. ನನಗೆ ಏನಾಗಿತ್ತೆಂದು ಆಸ್ಪತ್ರೆಗೆ ಬರುವವರಿಗೆಲ್ಲ ಗೊತ್ತಿತ್ತು, ಅವಳಿಗೂ. ಹೊರಗೆ ಬಂದವಳು ನಾನು ಎಂದು ಕಂಡ ಕೂಡಲೇ, ನನ್ನ ಕಣ್ಣು ಒದ್ದೆಯಾಗಿದ್ದದ್ದು ಕಂಡ ಕೂಡಲೇ, ಅವಳ ಮುಖದ ರಕ್ತವೆಲ್ಲ ಇಳಿಯಿತು. ಕುರ್ಚಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ನಾನು ಅವಳ ಮುಂದೆ ನೆಲದ ಮೇಲೆ ಕುಳಿತೆ.

"ಉಂಟು ಅಕ್ಕ," ಎಂದೆ. "ನಿಮ್ಮದು ಉಂಟು."